ನಮ್ಮ ಡೇಟಾಗೆ ಯಾವ ಲೈಸೆನ್ಸ್ ಹಾಕೋದು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ, ಹಕ್ಕಿ, ಕೊಳೆರೋಗ, ಹೊಳೆ ನೀರು ಅಂತ ಏನಾದ್ರೂ ಒಂದು ಲೆಕ್ಕ ಇಡೋರು ಬೇಕಾದಷ್ಟು ಜನ ಇದಾರೆ. ಶಂಕರಘಟ್ಟದಲ್ಲಿ ಪಿಎಚ್‌ಡಿ ಮಾಡೋರು, ಇರುವಕ್ಕಿ, ನವಿಲೆಯಲ್ಲಿ ಕೃಷಿ ಓದೋರು, ಜೊತೆಗೆ ಯಾವ ಡಿಗ್ರಿನೂ ಇಲ್ದೆ ಮೂವತ್ತು ವರ್ಷ ಮಳೆ ಬರೆದಿಟ್ಟ ತೋಟದ ಯಜಮಾನ್ರು. ನಾನು ಇಂಥ ಡೇಟಾ ಟೈಪ್ ಮಾಡಿ, ಸರಿಮಾಡಿ, ಬೇರೆಯವರಿಗೆ ಸಿಗೋ ಹಾಗೆ ಇಡೋ ಒಂದು ಸಣ್ಣ ತಂಡದಲ್ಲಿ ಇದೀನಿ. ಹೋದಲ್ಲೆಲ್ಲ ಬರೋ ಪ್ರಶ್ನೆಗಳು ಇವೇ, ಅದಕ್ಕೆ ಒಂದ್ಕಡೆ ಬರೆದಿಟ್ಟಿದೀನಿ.

ಫೈಲ್ ಆನ್‌ಲೈನ್ ಹಾಕಿದೀನಿ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಬೋದು. ಮತ್ತೆ ಲೈಸೆನ್ಸ್ ಎಂಥಕ್ಕೆ?

ಡೌನ್‌ಲೋಡ್ ಆಗೋದು ಬೇರೆ, ಬಳಸೋಕೆ ಅನುಮತಿ ಇರೋದು ಬೇರೆ. ಏನೂ ಬರೀದಿದ್ರೆ ಕಾನೂನಿನ ಲೆಕ್ಕದಲ್ಲಿ ಎಲ್ಲ ಹಕ್ಕು ನಿಮ್ಮ ಹತ್ರನೇ ಉಳಿದಿದೆ ಅಂತ ಅರ್ಥ, ಸುಮ್ನೆ ಇದ್ದಿದ್ದನ್ನ ಯಾರೂ ಒಪ್ಪಿಗೆ ಅಂತ ತಗೊಳೋ ಹಾಗಿಲ್ಲ.

ನಮ್ಮ ಸೊಪ್ಪಿನಬೆಟ್ಟ ನೆನಪು ಮಾಡ್ಕೊಳ್ಳಿ. ಬೆಟ್ಟ ತೋಟದವರ ಸ್ವಂತ ಆಸ್ತಿ ಅಲ್ಲ, ಮಾರೋ ಹಾಗಿಲ್ಲ, ಆದ್ರೆ ತೋಟಕ್ಕೆ ಬೇಕಾದ ಸೊಪ್ಪು, ದರಗು ತರೋ ಹಕ್ಕು ಇದೆ, ಅದಕ್ಕೆ ಷರತ್ತುಗಳೂ ಇವೆ. ಲೈಸೆನ್ಸ್ ಅಂದ್ರೂ ಅದೇ. ಡೇಟಾ ನಿಮ್ದೇ ಆಗಿರುತ್ತೆ, ಬೇರೆಯವರು ಏನು ಮಾಡ್ಬೋದು, ಏನು ಷರತ್ತು ಅಂತ ಮೊದಲೇ ಬರೆದು ಹೇಳ್ತೀರ ಅಷ್ಟೆ.

ನಮಗೆ ಇದು ಪೆಟ್ಟು ತಿಂದ ಮೇಲೆ ಗೊತ್ತಾಯ್ತು. ಹೊಸನಗರದ ಕಡೆಯ ಒಂದು ಮನೆಯವರ ಮಳೆ ಪುಸ್ತಕಗಳನ್ನ ಮೂರು ತಿಂಗಳು ಕೂತು ಟೈಪ್ ಮಾಡಿ ಹಾಕಿದ್ವಿ, ಲೈಸೆನ್ಸ್ ಅಂತ ಒಂದು ಸಾಲು ಬರೀಲಿಲ್ಲ. ಹೊರಗಿನ ಊರಿನ ಒಬ್ಬ ವಿದ್ಯಾರ್ಥಿ ಅದನ್ನ ನೋಡಿ, ಬಳಸ್ಬೋದಾ ಅಂತ ಕೇಳಿ ಮೇಲ್ ಮಾಡಿದ್ರು, ಆ ಮೇಲ್ ನಮ್ಮ ತಂಡ ಬಿಟ್ಟು ಹೋಗಿದ್ದವರ ವಿಳಾಸಕ್ಕೆ ಹೋಗಿತ್ತು, ಎರಡು ತಿಂಗಳು ಕಾದು ಉತ್ತರ ಬರ್ದೇ ಇದ್ದಿದ್ದಕ್ಕೆ ನಮ್ಮ ಊರಿನ ಮಳೆನ ಬಿಟ್ಟು ಥೀಸಿಸ್ ಮುಗಿಸಿದ್ರು. ನಮಗೆ ತಿಳಿದಿದ್ದು ವರ್ಷದ ಮೇಲೆ. ಒಂದೇ ಸಾಲು ಬರೆದಿದ್ರೆ ಸಾಕಾಗಿತ್ತು.

ಮಳೆ ಅಂಕಿಗೆ ಕಾಪಿರೈಟ್ ಇರುತ್ತಾ? ಅದು ಪ್ರಕೃತಿದಲ್ವಾ?

ಒಳ್ಳೆ ಪ್ರಶ್ನೆ. ಜುಲೈ ತಿಂಗಳ ಇಂಥ ದಿನ ಇಷ್ಟು ಮಳೆ ಬಂತು ಅನ್ನೋದು ವಾಸ್ತವ ಸಂಗತಿ, ಅದಕ್ಕೆ ಯಾರೂ ಮಾಲೀಕರಲ್ಲ. ಆದ್ರೆ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಕೃತಿ ಅನ್ನೋದರ ವ್ಯಾಖ್ಯೆ ಒಳಗೇ ಪಟ್ಟಿ, ಸಂಕಲನ, ಕಂಪ್ಯೂಟರ್ ಡೇಟಾಬೇಸ್ ಎಲ್ಲ ಬರುತ್ತೆ. ಹಾಗಾಗಿ ಅಂಕಿಗೆ ಇಲ್ದಿದ್ರೂ ಅದನ್ನ ಆರಿಸಿ ಜೋಡಿಸಿದ ರೀತಿಗೆ ರಕ್ಷಣೆ ಇರ್ಬೋದು. ಎಷ್ಟರ ಮಟ್ಟಿಗೆ? 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಬರೀ ಬೆವರು ಸುರಿಸಿದ್ದು ಸಾಲಲ್ಲ, ಸ್ವಂತ ಕೌಶಲ, ವಿವೇಚನೆ, ಸ್ವಲ್ಪನಾದ್ರೂ ಸೃಜನಶೀಲತೆ ಬೇಕು ಅಂತ ಹೇಳ್ತು. ಅಮೆರಿಕದಲ್ಲಿ 1991ರ ಫೈಸ್ಟ್ ಕೇಸಲ್ಲಿ ಟೆಲಿಫೋನ್ ಡೈರೆಕ್ಟರಿ ವಿಷಯಕ್ಕೆ ಅಲ್ಲಿನ ಕೋರ್ಟೂ ಹತ್ತಿರ ಹತ್ತಿರ ಇದೇ ದಾರಿ ಹಿಡಿದಿತ್ತು. ಯುರೋಪಲ್ಲಿ ಮಾತ್ರ 1996ರ ನಿರ್ದೇಶನದಿಂದ ಡೇಟಾಬೇಸಿಗೇ ಅಂತ ಒಂದು ಪ್ರತ್ಯೇಕ ಹಕ್ಕಿದೆ, ನಮ್ಮಲ್ಲಿ ಅದಿಲ್ಲ.

ಆ ಹೊಸನಗರದ ಪುಸ್ತಕನೇ ತಗೊಳ್ಳಿ. ಎಡಗಡೆ ತಾರೀಕು, ಪಕ್ಕದಲ್ಲಿ ನಕ್ಷತ್ರ, ಆಮೇಲೆ ಇಂಚು, ಸೆಂಟ್ಸ್. ಇದೆಲ್ಲ ಬರೀ ಅಂಕಿ. ಆದ್ರೆ ಅಂಚಲ್ಲಿ ಪೆನ್ಸಿಲಲ್ಲಿ ಏನೇನೋ ಬರೆದಿದಾರೆ, ಆಶ್ಲೇಷ ಎರಡನೇ ಪಾದದ ಎದುರಿಗೆ, ಎರಡನೇ ಸಲದ ಬೋರ್ಡೋ (ಅಡಿಕೆ ಕೊಳೆಗೆ ಹೊಡೆಯೋ ಔಷಧ) ಹೊಡೆಯೋಕೆ ಮಳೆ ಬಿಡಲಿಲ್ಲ, ಕೆಳಗಿನ ತೋಟದಲ್ಲಿ ಕೊಳೆ ಶುರುವಾಯ್ತು, ಕೊನೆಗಾರ ಬರಲಿಲ್ಲ ಅಂತ. ಈ ಬರಹ ಅವರ ಸ್ವಂತ ಮಾತು, ಅದಕ್ಕೆ ಕಾಪಿರೈಟ್ ಖಂಡಿತ ಇದೆ. ಪುಟಗಳ ಫೋಟೋ ತೆಗೆದಿದ್ರೆ ಅದರ ಲೆಕ್ಕ ಬೇರೆ. ಒಂದೇ ಫೋಲ್ಡರಲ್ಲಿ ಮೂರು ತರದ ವಸ್ತು ಇರುತ್ತೆ, ಯಾವುದಕ್ಕೆ ಹಕ್ಕಿದೆ ಯಾವುದಕ್ಕಿಲ್ಲ ಅಂತ ಬಳಸೋರು ಕೂತು ತಲೆ ಕೆಡಿಸ್ಕೊಳ್ಳೋ ಹಾಗೆ ಆಗ್ಬಾರ್ದು ಅಂತಾನೇ ಲೈಸೆನ್ಸ್ ಬರೆಯೋದು.

ಡೇಟಾ ಯಾರದ್ದು? ನಂದಾ, ಗೈಡದಾ, ಯೂನಿವರ್ಸಿಟಿದಾ?

ಲೈಸೆನ್ಸ್ ಆರಿಸೋಕೆ ಮುಂಚೆ ಕೇಳ್ಕೋಬೇಕಾದ್ದು ಇದು, ಯಾಕಂದ್ರೆ ನಮ್ದಲ್ಲದ್ದನ್ನ ನಾವು ಕೊಡೋಕಾಗಲ್ಲ. ಸಂಬಳದ ನೌಕರಿ ಭಾಗವಾಗಿ ಮಾಡಿದ ಕೆಲಸಕ್ಕೆ, ಬೇರೆ ಒಪ್ಪಂದ ಇಲ್ಲ ಅಂದ್ರೆ, ಮೊದಲ ಮಾಲೀಕರು ಕೆಲಸ ಕೊಟ್ಟವರು. ಪಿಎಚ್‌ಡಿ ವಿದ್ಯಾರ್ಥಿ ಸಾಮಾನ್ಯವಾಗಿ ನೌಕರ ಅಲ್ಲ, ಆದ್ರೆ ಫೆಲೋಶಿಪ್, ಪ್ರಾಜೆಕ್ಟ್ ಕಾಗದದಲ್ಲಿ ಏನು ಸಹಿ ಹಾಕಿದೀರ ಅನ್ನೋದರ ಮೇಲೆ ಹೋಗುತ್ತೆ. ಆ ಕಾಗದ ಹುಡುಕಿ ಓದಿ. ಇನ್ನೊಂದು, ಜರ್ನಲ್‌ಗೆ ಪೇಪರ್ ಕಳಿಸುವಾಗ ಕಾಪಿರೈಟ್ ವರ್ಗಾವಣೆ ಫಾರಂ ಬರುತ್ತಲ್ಲ, ಅದ್ರಲ್ಲಿ ಪೇಪರ್ ಜೊತೆ ಕೊಡೋ ಟೇಬಲ್‌ಗಳೂ ಸೇರಿ ಹೋಗ್ಬೋದು. ಡೇಟಾನ ಮೊದಲೇ ನಿಮ್ಮ ಲೈಸೆನ್ಸ್ ಹಾಕಿ ಒಂದು ರೆಪಾಸಿಟರಿಲಿ, ಅಂದ್ರೆ ಡೇಟಾ ಇಡೋ ಆನ್‌ಲೈನ್ ಭಂಡಾರದಲ್ಲಿ, ಇಟ್ಬಿಟ್ರೆ ಆ ತೊಂದರೆ ಬರಲ್ಲ.

ತಂಡದ ಎಲ್ಲರ ಒಪ್ಪಿಗೆ ಬರವಣಿಗೆಲಿ ಇರ್ಲಿ. ಒಂದು ವಾಟ್ಸಾಪ್ ಮೆಸೇಜ್ ಆದ್ರೂ ಸರಿ, ಬಾಯಲ್ಲಿ ಹೇಳಿದ್ದು ಎರಡು ವರ್ಷ ಆದ್ಮೇಲೆ ಯಾರಿಗೂ ನೆನಪಿರಲ್ಲ.

ಸರಿ, ಯಾವುದು ಹಾಕ್ಲಿ? ಒಂದೇ ಹೆಸರು ಹೇಳಿ.

ಸಿಸಿ ಬೈ 4.0. ಸಿಸಿ ಅಂದ್ರೆ ಕ್ರಿಯೇಟಿವ್ ಕಾಮನ್ಸ್, ಯಾರು ಬೇಕಾದ್ರೂ ಹಾಕ್ಕೊಳ್ಳೋಕೆ ಸಿದ್ಧ ಲೈಸೆನ್ಸ್ ಬರೆದಿಟ್ಟಿರೋ ಸಂಸ್ಥೆ. ಬೈಗಿಂತ ಧಾರಾಳವಾಗಿ ಕೊಡೋ ಮನಸ್ಸಿದ್ರೆ ಸಿಸಿ ಝೀರೋ. ಹತ್ತರಲ್ಲಿ ಎಂಟು ಸಲ ನಾನು ಹೇಳೋದು ಇವೆರಡರಲ್ಲಿ ಒಂದು.

ಕ್ರಿಯೇಟಿವ್ ಕಾಮನ್ಸ್‌ನವರು ಮೊದಲ ಲೈಸೆನ್ಸ್‌ಗಳನ್ನ ತಂದಿದ್ದು 2002ರಲ್ಲಿ, ಈಗಿರೋ 4.0 ಆವೃತ್ತಿ ಬಂದಿದ್ದು 2013ರಲ್ಲಿ. ಡೇಟಾ ವಿಷಯಕ್ಕೆ ಹಳೇ ಆವೃತ್ತಿ ಬೇಡ, 4.0ನೇ ಹಾಕಿ, ಅದ್ರಲ್ಲಿ ಆ ಯುರೋಪಿನ ಡೇಟಾಬೇಸ್ ಹಕ್ಕನ್ನೂ ಸೇರಿಸಿ ಬರೆದಿದಾರೆ, ಜೊತೆಗೆ ಪ್ರತಿ ದೇಶಕ್ಕೂ ಬೇರೆ ಬೇರೆ ಅಂತಿಲ್ದೆ ಎಲ್ಲ ಕಡೆ ನಡೆಯುತ್ತೆ. ಬೈ ಅಂದ್ರೆ ಏನು ಬೇಕಾದ್ರೂ ಮಾಡ್ಕೊಳ್ಳಿ, ನನ್ನ ಹೆಸರು ಹೇಳಿ, ಲೈಸೆನ್ಸ್ ಲಿಂಕ್ ಕೊಡಿ, ಬದಲಾಯಿಸಿದ್ರೆ ಬದಲಾಯಿಸಿದೀನಿ ಅಂತ ತಿಳಿಸಿ ಅಂತ.

ಸಿಸಿ ಝೀರೋ ಹಾಕಿದ್ರೆ ನನ್ನ ಹೆಸರೇ ಅಳಿಸಿ ಹೋಗಲ್ವಾ?

ಈ ಭಯ ಎಲ್ಲರಿಗೂ ಇದೆ, ತಪ್ಪೂ ಅಲ್ಲ. ಸಿಸಿ ಝೀರೋ ಅಂದ್ರೆ ಬಿಡೋಕೆ ಸಾಧ್ಯ ಇರೋ ಹಕ್ಕೆಲ್ಲ ಬಿಟ್ಟುಕೊಟ್ಟ ಹಾಗೆ, ಕಾನೂನು ಪ್ರಕಾರ ಹೆಸರು ಹಾಕಲೇಬೇಕು ಅಂತ ಒತ್ತಾಯ ಇಲ್ಲ. ಆದ್ರೆ ಸಂಶೋಧಕರು ಹೆಸರು ಹಾಕೋದು ಕೋರ್ಟಿಗೆ ಹೆದರಿ ಅಲ್ಲ, ಮೂಲ ಹೇಳದೆ ಅಂಕಿ ಕೊಟ್ರೆ ವಿಮರ್ಶಕರು ಪೇಪರನ್ನೇ ವಾಪಸ್ ಕಳಿಸ್ತಾರೆ ಅನ್ನೋದಕ್ಕೆ. ಡ್ರಯಾಡ್ ಅನ್ನೋ ದೊಡ್ಡ ಡೇಟಾ ಭಂಡಾರದಲ್ಲಿ ಎಲ್ಲ ಡೇಟಾನೂ ಸಿಸಿ ಝೀರೋದಲ್ಲೇ ಇರೋದು, ಅಲ್ಲಿಟ್ಟೋರ ಹೆಸರು ಉಲ್ಲೇಖ ಆಗ್ತಾನೇ ಇದೆ.

ಝೀರೋ ಯಾಕೆ ಬೇಕಾಗುತ್ತೆ ಅಂದ್ರೆ, ನೂರಾರು ಡೇಟಾಸೆಟ್ ಸೇರಿಸಿ ಒಂದು ನಕ್ಷೆ ಮಾಡೋರ ಜಾಗದಲ್ಲಿ ನಿಂತು ನೋಡಿ. ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಲಿಂಕು, ಒಂದೊಂದು ಬದಲಾವಣೆ ವಿವರ ಹೊತ್ಕೊಂಡು ಹೋಗ್ಬೇಕು. ಮಳೆ, ಉಷ್ಣತೆ, ಹೊಳೆ ಮಟ್ಟ ಇಂಥ ಶುದ್ಧ ಅಂಕಿಗೆ ನಾನು ಝೀರೋ ಅಂತೀನಿ. ಬರಹ, ಫೋಟೋ, ನೀವೇ ಯೋಚಿಸಿ ಮಾಡಿದ ವರ್ಗೀಕರಣ ಇದ್ರೆ ಬೈ.

ಕೀಟನಾಶಕ ಕಂಪನಿ ನಮ್ಮ ಅಂಕಿ ತಗೊಂಡು ದುಡ್ಡು ಮಾಡ್ಬಾರ್ದು. ಎನ್‌ಸಿ ಹಾಕೋಣ ಅಲ್ವಾ?

ಮನಸ್ಸಿಗೆ ಅರ್ಥ ಆಗುತ್ತೆ. ಎಲೆಚುಕ್ಕಿ ರೋಗ ಬಂದು ತೋಟ ಹೋದವರು ತಮ್ಮ ಮರದ ಲೆಕ್ಕ ಕೊಟ್ಟಿರ್ತಾರೆ, ಅದರ ಮೇಲೆ ಯಾರೋ ಲಾಭ ಮಾಡೋದು ಯಾರಿಗೂ ಹಿಡಿಸಲ್ಲ. ಆದ್ರೂ ನಾನು ಎನ್‌ಸಿ ಬೇಡ ಅಂತೀನಿ, ಕಾರಣ ಹೇಳ್ತೀನಿ ಕೇಳಿ.

ಎನ್‌ಸಿ ಅಂದ್ರೆ ಮುಖ್ಯವಾಗಿ ವಾಣಿಜ್ಯ ಲಾಭಕ್ಕೋ ಹಣಕ್ಕೋ ಅಂತ ಬಳಸ್ಬಾರ್ದು ಅಂತ. ಈಗ ನಿಮ್ಮೂರಿನ ಅಡಿಕೆ ಸೊಸೈಟಿ ಅದೇ ಅಂಕಿ ಹಿಡಿದು ಯಾವ ವಾರ ಬೋರ್ಡೋ ಹೊಡೆಯೋದು ಒಳ್ಳೇದು ಅಂತ ಫಲಕದಲ್ಲಿ ಬರೀಬೇಕು ಅಂತಿದೆ, ಅದೇ ಸೊಸೈಟಿ ಬೋರ್ಡೋಗೆ ಹಾಕೋ ಮೈಲುತುತ್ತನೂ ಮಾರುತ್ತೆ. ಇದು ವಾಣಿಜ್ಯನಾ ಅಲ್ವಾ? ದಿನಪತ್ರಿಕೆಯವರು ಒಂದು ವರದಿಗೆ ಗ್ರಾಫ್ ಹಾಕ್ಬೇಕು, ಪತ್ರಿಕೆ ಮಾರಾಟದ್ದು, ಇದು? ಕನ್ನಡ ವಿಕಿಪೀಡಿಯಕ್ಕೆ ಎನ್‌ಸಿ ಇರೋ ವಸ್ತು ಹಾಕೋ ಹಾಗೇ ಇಲ್ಲ. ಹೀಗೆ ಅನುಮಾನ ಬಂದಾಗ ಹಿಂದೆ ಸರಿಯೋರು ಯಾರು ಅಂದ್ರೆ ಪ್ರಾಮಾಣಿಕರೇ. ದೊಡ್ಡ ಕಂಪನಿಗೆ ಬರೀ ಅಂಕಿ ಬೇಕಾಗಿದ್ರೆ, ವಾಸ್ತವಾಂಶಕ್ಕೆ ಕಾಪಿರೈಟ್ ಇಲ್ಲ ಅಂತ ಅವರ ವಕೀಲರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ತಡೆ ಬೀಳೋದು ಸೊಸೈಟಿಗೆ.

ಆದ್ರೆ ಡೇಟಾ ಕೊಟ್ಟ ರೈತರೇ ಎನ್‌ಸಿ ಬೇಕು ಅಂತ ಸ್ಪಷ್ಟವಾಗಿ ಹೇಳಿದ್ರೆ ಅವರ ಮಾತೇ ನಡೀಬೇಕು. ಜೀವಿಗಳ ದಾಖಲೆ ಸೇರಿಸೋ ಜಿಬಿಐಎಫ್‌ನಲ್ಲೂ ಸಿಸಿ ಝೀರೋ, ಸಿಸಿ ಬೈ, ಸಿಸಿ ಬೈ-ಎನ್‌ಸಿ ಅಂತ ಮೂರಕ್ಕೂ ಜಾಗ ಇದೆ.

ಎನ್‌ಡಿ?

ಡೇಟಾಗೆ ಬೇಡ. ಬದಲಾಯಿಸಿದ್ದನ್ನ ಹಂಚೋ ಹಾಗಿಲ್ಲ ಅಂದ್ರೆ ಇಂಚನ್ನ ಮಿಲಿಮೀಟರ್ ಮಾಡಿ, ಬೇರೆ ಊರಿನ ಪಟ್ಟಿ ಜೊತೆ ಸೇರಿಸಿ ಕೊಡೋರೂ ಹೆದರಿ ಸುಮ್ನಾಗ್ತಾರೆ.

ಎಸ್‌ಎ ಅಂತ ಒಂದಿದೆಯಲ್ಲ, ಅದು?

ನನ್ನ ಡೇಟಾದಿಂದ ಮಾಡಿದ್ದನ್ನ ನೀವೂ ಇದೇ ಷರತ್ತಲ್ಲಿ ಕೊಡಿ ಅಂತ. ಭಾವನೆ ಒಳ್ಳೇದು, ಸೇರಿಸುವಾಗ ಕಷ್ಟ ಬರುತ್ತೆ. ಬೈ-ಎಸ್‌ಎ ಮತ್ತು ಬೈ-ಎನ್‌ಸಿ-ಎಸ್‌ಎ ಎರಡನ್ನ ಬೆರೆಸಿ ಒಂದು ಹೊಸ ಕೃತಿ ಮಾಡಿದ್ರೆ ಯಾವ ಲೈಸೆನ್ಸ್ ಹಾಕಿದ್ರೂ ಇನ್ನೊಂದು ಮುರಿಯುತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಒಡಿಬಿಎಲ್ ಅನ್ನೋ ಡೇಟಾಬೇಸಿಗೇ ಬರೆದ ಲೈಸೆನ್ಸಲ್ಲಿದೆ, ಅದೂ ಇದೇ ತರದ ಷರತ್ತಿರೋದು. ಹೊಳೆ, ರಸ್ತೆ ಅಲ್ಲಿಂದ ತೆಗೆದು ನಿಮ್ಮ ಡೇಟಾಬೇಸಿಗೆ ಬೆರೆಸಿದ್ರೆ ಆ ಷರತ್ತು ನಿಮ್ಮ ಜೊತೆನೂ ಬರುತ್ತೆ, ಆದಷ್ಟು ಬೇರೆ ಫೈಲಲ್ಲೇ ಇಡಿ.

ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಮರಗಳ ಸರ್ವೆ ಮಾಡಿದೀವಿ, ಜಿಪಿಎಸ್ ಪಾಯಿಂಟ್ ಇದೆ. ಅದನ್ನೂ ಓಪನ್ ಮಾಡೋದಾ?

ಬೇಡ, ದಯವಿಟ್ಟು ಬೇಡ. ಹೊಳೆ ಸಾಲಿನಲ್ಲಿ ಒಂದು ಒಳ್ಳೆ ಜೀರಿಗೆ ಪರಿಮಳದ ಮರ ಇದೆ ಅಂತ ಗೊತ್ತಾದ್ರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಮಿಡಿ ಇಳಿಸೋ ಬದಲು ಟೊಂಗೆನೇ ಕಡಿದು ಕೆಳಗೆ ಹಾಕಿ ಕುಯ್ಕೊಂಡು ಹೋಗ್ತಾರೆ, ಮಾರನೇ ವರ್ಷ ಆ ಮರ ಬಿಡೋದೇ ಇಲ್ಲ. ನಾವೇ ಹೋಗಿ ನೋಡಿದ ಒಂದು ಮರದ ಬುಡದಲ್ಲಿ ತೋಳು ಗಾತ್ರದ ಟೊಂಗೆ ಒಣಗಿ ಬಿದ್ದಿತ್ತು, ಎಲೆ ಇನ್ನೂ ಕೈಯಲ್ಲಿ ಉಜ್ಜಿದ್ರೆ ಸೊನೆ ವಾಸನೆ ಬರ್ತಿತ್ತು. ಆರ್ಕಿಡ್, ಕಾಳಿಂಗ ಸರ್ಪದ ಗೂಡು, ಅಪರೂಪದ ಹಕ್ಕಿ ಗೂಡು ಎಲ್ಲಕ್ಕೂ ಇದೇ ಮಾತು.

ಲೈಸೆನ್ಸ್ ಇಲ್ಲಿ ಕಾಪಾಡಲ್ಲ, ಕತ್ತಿ ಹಿಡ್ಕೊಂಡು ಬರೋನು ಲೈಸೆನ್ಸ್ ಓದಿ ಬರಲ್ಲ. ಮಾಡ್ಬೇಕಾದ್ದು ಜಾಗನ ಮಸುಕು ಮಾಡೋದು. ಅಕ್ಷಾಂಶ ರೇಖಾಂಶದಲ್ಲಿ ದಶಾಂಶದ ನಂತರ ಮೂರು ಅಂಕಿ ಇದ್ರೆ ಸುಮಾರು 110 ಮೀಟರ್, ಎರಡಿದ್ರೆ ಸುಮಾರು 1.1 ಕಿಲೋಮೀಟರ್, ಒಂದೇ ಇದ್ರೆ 11 ಕಿಲೋಮೀಟರ್ ನಿಖರತೆ. ನಾವು ಅಪ್ಪೆಮಿಡಿಗೆ ಒಂದೇ ಅಂಕಿ ಇಟ್ವಿ, ಇಂಥ ಕಾರಣಕ್ಕೆ ಜಾಗ ಮಸುಕು ಮಾಡಿದೀವಿ ಅಂತ ರೀಡ್‌ಮಿಯಲ್ಲಿ, ಅಂದ್ರೆ ಡೇಟಾ ಜೊತೆ ಇಡೋ ವಿವರಣೆ ಫೈಲಲ್ಲಿ, ಬರೆದ್ವಿ. ಮಿಡಿ ಉದ್ದ, ತೂಕ, ಸೊನೆ ಪರಿಮಳದ ವಿವರ, ಹೂ ಬಿಟ್ಟ ತಿಂಗಳು ಎಲ್ಲ ಪೂರ್ತಿ ತೆರೆದಿದೆ, ಸಿಸಿ ಬೈ. ನಿಖರ ಜಾಗ ಬೇಕಾದವರು ಯಾಕೆ ಬೇಕು ಅಂತ ಬರೆದು ಕೇಳ್ಬೇಕು. ಕೇಳಿದವರಿಗೆ ಉತ್ತರ ಕೊಡೋಕೆ ಈಗ ತಂಡದ್ದೇ ಒಂದು ಸಾಮಾನ್ಯ ಮೇಲ್ ವಿಳಾಸ ಇದೆ, ಒಬ್ಬರದ್ದಲ್ಲ.

ಮಂಗನ ಕಾಯಿಲೆ ಬಗ್ಗೆ ಮನೆ ಮನೆ ಸರ್ವೆ ಮಾಡಿದೀವಿ. ಹೆಸರು ತೆಗೆದ್ರೆ ಸಾಕಲ್ವಾ?

ಸಾಕಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಾದ ಕಾಯಿಲೆ ಇದು, ಇವತ್ತಿಗೂ ಬೇಸಿಗೆ ಹತ್ರ ಬಂದ್ರೆ ಉಣುಗಿನ ಭಯ ಇರೋ ಊರುಗಳು ನಮ್ಮವು, ಡೇಟಾ ಖಂಡಿತ ಹಂಚ್ಬೇಕು. ಆದ್ರೆ ಹನ್ನೆರಡು ಮನೆ ಇರೋ ಕೇರಿಯಲ್ಲಿ ಐವತ್ತೆರಡು ವರ್ಷದ ಹೆಂಗಸು, ಸೌದೆಗೆ ಹೋಗಿದ್ರು, ಫೆಬ್ರವರಿಲಿ ಜ್ವರ ಅಂತ ಬರೆದ್ರೆ ಹೆಸರೇ ಬೇಡ, ಪಕ್ಕದ ಊರಿನವರೂ ಯಾರು ಅಂತ ಹೇಳ್ತಾರೆ. ವಯಸ್ಸನ್ನ ಗುಂಪು ಮಾಡಿ, ಊರಿನ ಬದಲು ತಾಲೂಕು ಮಟ್ಟಕ್ಕೆ ಏರಿಸಿ, ಒಬ್ಬರು ಇಬ್ಬರೇ ಬರೋ ಸಾಲುಗಳನ್ನ ಒಟ್ಟುಗೂಡಿಸಿ.

ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಖಾಸಗಿತನದ ಹಕ್ಕಿನ ಬಗ್ಗೆ ಅಲ್ಲ, ಆ ಜವಾಬ್ದಾರಿ ಬೇರೆಯೇ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆನೂ ಬಂದಿದೆ. ಎಲ್ಲಕ್ಕಿಂತ ಮೊದಲು ನೋಡ್ಬೇಕಾದ್ದು ಒಪ್ಪಿಗೆ ಪತ್ರ, ಅದ್ರಲ್ಲಿ ಈ ಅಧ್ಯಯನಕ್ಕೆ ಮಾತ್ರ ಅಂತ ಬರೆದಿದ್ರೆ ಹಂಚೋ ಹಾಗಿಲ್ಲ, ಮುಗೀತು. ಮುಂದಿನ ಸರ್ವೆಗೆ ಈಗಲೇ ಆ ಸಾಲನ್ನ ಬದಲಾಯಿಸಿ: ನಿಮ್ಮ ಗುರುತು ತೆಗೆದು ಬೇರೆ ಸಂಶೋಧಕರ ಜೊತೆನೂ ಹಂಚ್ಕೋಬೋದಾ, ಹೌದು ಅಥವಾ ಬೇಡ. ಓದಿ ಹೇಳಿ, ಅರ್ಥ ಆಯ್ತಾ ಕೇಳಿ, ಆಮೇಲೆ ಸಹಿ.

ನಾಟಿ ವೈದ್ಯರು ಹೇಳಿದ ಗಿಡಮೂಲಿಕೆ ಮಾಹಿತಿ?

ಅದು ನಮ್ಮ ಡೇಟಾ ಅಂತ ಅಂದ್ಕೊಳ್ಳೋದೇ ತಪ್ಪು. ನಾವು ಬರ್ಕೊಂಡಿದೀವಿ, ತಿಳುವಳಿಕೆ ಅವರದ್ದು, ಅವರ ಮನೆತನದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿ ಮಟ್ಟದಲ್ಲಿ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಅಂತ ವ್ಯವಸ್ಥೆ ಇದೆ, ಅಲ್ಲಿ ಮೊದಲು ಮಾತಾಡಿ. ಇಂಥದ್ದಕ್ಕೆ ಸಿಸಿ ಝೀರೋ ಹಾಕಿ ಕೈ ತೊಳ್ಕೊಳ್ಳೋದು ನನ್ನ ಮಟ್ಟಿಗೆ ಅನ್ಯಾಯ. ಗಿಡದ ಹೆಸರು, ಕಂಡ ತಾಲೂಕು ಹಾಕಿ, ಮದ್ದು ಮಾಡೋ ಕ್ರಮ ಅವರು ಬೇಡ ಅಂದ್ರೆ ಬಿಟ್ಬಿಡಿ.

ಸರ್ಕಾರಿ ಅಂಕಿನೂ ನಮ್ಮ ಶೀಟಲ್ಲಿ ಸೇರಿದೆ. ಏನ್ ಮಾಡ್ಲಿ?

ಎಲ್ಲಿಂದ ಬಂತು ನೋಡಿ. ಡೇಟಾ ಡಾಟ್ ಗೌ ಡಾಟ್ ಇನ್‌ನಲ್ಲಿ ಸಿಕ್ಕಿದ್ರೆ ಅಲ್ಲಿಯ ಸರ್ಕಾರಿ ಮುಕ್ತ ದತ್ತಾಂಶ ಲೈಸೆನ್ಸ್ ನೋಡಿ, 2017ರಲ್ಲಿ ಬಂದಿದ್ದು, ಮೂಲ ಹೇಳಿದ್ರೆ ವಾಣಿಜ್ಯ ಬಳಕೆಗೂ ಅವಕಾಶ ಇದೆ. ಅರ್ಜಿ ಹಾಕಿ, ದುಡ್ಡು ಕಟ್ಟಿ ತಂದ ಅಂಕಿ ಆದ್ರೆ ಆ ಕಾಗದದ ಷರತ್ತು ಓದಿ, ಬೇರೆಯವರಿಗೆ ಕೊಡ್ಬಾರ್ದು ಅಂತಿದ್ರೆ ಆ ಕಾಲಂ ತೆಗೆದು, ಇದನ್ನ ಇಂಥ ಕಚೇರಿಯಿಂದ ಪಡೀಬೋದು ಅಂತ ಬರೀರಿ. ಸರ್ಕಾರದ್ದು ಅಂದ್ರೆ ಎಲ್ಲರದ್ದೂ ಅನ್ನೋ ಮಾತು ಲೈಸೆನ್ಸಲ್ಲಿ ನಡಿಯಲ್ಲ.

ಆರ್ ಕೋಡ್, ಪೈಥಾನ್ ಕೋಡ್ ಇದ್ರೆ?

ಅದಕ್ಕೆ ಸಿಸಿ ಬೇಡ, ಕ್ರಿಯೇಟಿವ್ ಕಾಮನ್ಸ್‌ನವರೇ ಸಾಫ್ಟ್‌ವೇರ್‌ಗೆ ಬೇಡ ಅಂತಾರೆ. ಎಂಐಟಿ ಅಥವಾ ಅಪಾಚೆ 2.0 ಹಾಕಿ.

ಪೇಪರ್ ಬರೋ ತನಕ ಗೈಡ್ ಬೇಡ ಅಂತಿದಾರೆ. ಆಮೇಲೆ ಮನಸ್ಸು ಬದಲಾದ್ರೆ ವಾಪಸ್ ತಗೋಬೋದಾ?

ಎರಡೂ ಒಟ್ಟಿಗೆ ಹೇಳ್ತೀನಿ. ಸಿಸಿ ಲೈಸೆನ್ಸ್ ಒಮ್ಮೆ ಕೊಟ್ರೆ ವಾಪಸ್ ಇಲ್ಲ. ಫೈಲ್ ಇಳಿಸ್ಬೋದು, ಹೊಸಬರಿಗೆ ಕೊಡೋದು ನಿಲ್ಲಿಸ್ಬೋದು, ಆದ್ರೆ ಆಗಲೇ ತಗೊಂಡವರ ಅನುಮತಿ ಹಾಗೇ ಇರುತ್ತೆ. ಅದಕ್ಕೇ ಅವಸರ ಬೇಡ. ಝೆನೋಡೋದಲ್ಲಿ ದಾಖಲೆ ಈಗಲೇ ಮಾಡಿ, ಫೈಲ್ ತೆರೆಯೋ ದಿನಾಂಕ ಮುಂದಕ್ಕೆ ಇಡೋ ವ್ಯವಸ್ಥೆ ಇದೆ. ಜಿನೀವಾದ ಸರ್ನ್ ಸಂಸ್ಥೆ 2013ರಿಂದ ನಡೆಸ್ತಿರೋ ಉಚಿತ ಭಂಡಾರ ಅದು, ಡಿಒಐ ಕೊಡುತ್ತೆ, ಅಂದ್ರೆ ಡೇಟಾಗೆ ಬದಲಾಗದ ಒಂದು ಗುರುತಿನ ಸಂಖ್ಯೆ. ಗೈಡ್‌ಗೂ ಸಮಾಧಾನ, ಡೇಟಾ ಪೆನ್‌ಡ್ರೈವಲ್ಲಿ ಸಾಯೋದೂ ತಪ್ಪುತ್ತೆ.

ಬರೆಯೋದು ಹೇಗೆ, ಎಲ್ಲಿ?

ಮೂರು ಕಡೆ. ರೆಪಾಸಿಟರಿಯ ಲೈಸೆನ್ಸ್ ಕಾಲಂನಲ್ಲಿ, ಫೋಲ್ಡರ್ ಒಳಗಿನ ರೀಡ್‌ಮಿಯಲ್ಲಿ, ಮತ್ತೆ ಲೈಸೆನ್ಸ್ ಅನ್ನೋ ಹೆಸರಿನ ಪ್ರತ್ಯೇಕ ಫೈಲಲ್ಲಿ. ಯಾಕಂದ್ರೆ ಜನ ಅಂಕಿ ಇರೋ ಸಿಎಸ್‌ವಿ ಫೈಲ್ ಮಾತ್ರ ಕಳಿಸ್ಕೊಂಡು ಹಂಚ್ತಾರೆ, ರೆಪಾಸಿಟರಿಯ ಪುಟ ಹಿಂದೆ ಉಳಿಯುತ್ತೆ. ನಮ್ಮ ರೀಡ್‌ಮಿಯ ಸಾಲು ಹೀಗಿದೆ, ಬೇಕಾದ್ರೆ ಎತ್ಕೊಳ್ಳಿ:

ಮಳೆ ಅಂಕಿಗಳ ಫೈಲ್ ಸಿಸಿ ಝೀರೋ 1.0. ಅಂಚಿನ ಟಿಪ್ಪಣಿ ಮತ್ತು ಪುಟದ ಫೋಟೋಗಳು ಸಿಸಿ ಬೈ 4.0, ಬರೆದವರ ಮನೆಯವರ ಒಪ್ಪಿಗೆ ಮೇಲೆ. ಮೂಲದಲ್ಲಿ ಅಳತೆ ಇಂಚು ಮತ್ತು ಸೆಂಟ್ಸ್, 1 ಇಂಚು ಅಂದರೆ 100 ಸೆಂಟ್ಸ್, 25.4 ಮಿಲಿಮೀಟರ್. ಬಳಸಿದರೆ ಈ ಡಿಒಐ ಉಲ್ಲೇಖಿಸಿ.

ಅಳತೆ ವಿವರನೂ ಅಲ್ಲೇ ಯಾಕೆ ಅಂದ್ರೆ, ಸೆಂಟ್ಸ್ ಅಂದ್ರೇನು ಅಂತ ಗೊತ್ತಿಲ್ದೆ ಸೆಂಟಿಮೀಟರ್ ಅಂತ ತಿಳ್ಕೊಂಡ್ರೆ ಎಲ್ಲ ಉಲ್ಟಾ. ಲೈಸೆನ್ಸ್ ಇದ್ದು ಅರ್ಥ ಆಗದ ಡೇಟಾನೂ ಬಳಕೆಗೆ ಬರಲ್ಲ.

ಹೆಸರು ಹಾಕದೆ ಬಳಸಿದವರನ್ನ ಏನ್ ಮಾಡೋದು?

ಮೊದಲು ಒಂದು ಸೌಮ್ಯವಾದ ಮೇಲ್. ಸಿಸಿ ಬೈ 4.0ನಲ್ಲಿ ಷರತ್ತು ಮುರಿದ್ರೆ ಅನುಮತಿ ತಾನಾಗೇ ರದ್ದಾಗುತ್ತೆ, ಆದ್ರೆ ತಪ್ಪು ಗೊತ್ತಾದ 30 ದಿನದ ಒಳಗೆ ಸರಿಮಾಡಿದ್ರೆ ತಾನಾಗೇ ವಾಪಸ್ ಬರುತ್ತೆ. ಹೆಚ್ಚಿನವರು ಮರೆತಿರ್ತಾರೆ ಅಷ್ಟೆ, ಹೇಳಿದ್ರೆ ಹಾಕ್ತಾರೆ.

ಅಜ್ಜನ ಮಳೆ ಪುಸ್ತಕ ಅಟ್ಟದ ಮೇಲಿದೆ, ಅವರು ಈಗಿಲ್ಲ. ಯಾರನ್ನ ಕೇಳೋದು?

ನಮ್ಮಲ್ಲಿ ಬರೆದವರು ಇದ್ದಾಗಲೇ ಪ್ರಕಟವಾದ ಬರಹಕ್ಕೆ ಕಾಪಿರೈಟ್ ಅವರು ತೀರಿಕೊಂಡು 60 ವರ್ಷದವರೆಗೆ ಇರುತ್ತೆ, ಈ ಪುಸ್ತಕದ ಹಾಗೆ ಪ್ರಕಟವಾಗದೆ ಉಳಿದಿದ್ದಕ್ಕೆ ಮೊದಲ ಸಲ ಪ್ರಕಟವಾದ ಮೇಲೆ 60 ವರ್ಷ, ಹಕ್ಕು ವಾರಸುದಾರರದ್ದು. ಅಂಕಿಗೆ ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ಕಾನೂನು ಹೇಳಿದ್ರೂ ನೀವು ಕೇಳಿ. ಅಣ್ಣ ತಮ್ಮ, ಅತ್ತೆ, ಎಲ್ಲರನ್ನೂ ಕೂರಿಸ್ಕೊಂಡು ಪುಸ್ತಕ ಬಿಚ್ಚಿ, ಇದನ್ನ ಎಲ್ಲರಿಗೂ ಸಿಗೋ ಹಾಗೆ ಇಡ್ತೀವಿ, ಅಜ್ಜನ ಹೆಸರು ಹಾಕೋದಾ ಬೇಡ್ವಾ ಅಂತ ಕೇಳಿ. ಹೊಸನಗರದ ಆ ಮನೇಲಿ ಕೇಳಿದಾಗ, ಹೆಸರು ಹಾಕಿ, ಆದ್ರೆ ಸಾಲ ಕೊಟ್ಟವರ ಲೆಕ್ಕ ಇರೋ ಹಿಂದಿನ ನಾಲ್ಕು ಪುಟ ಬೇಡ ಅಂದ್ರು. ಆ ನಾಲ್ಕು ಪುಟ ಬಿಟ್ವಿ.

ಕೆಲಸ ಶುರು ಮಾಡೋದಾದ್ರೆ ಈ ಮಳೆಗಾಲದ ಒಳಗೇ ಮಾಡಿ, ಹೊಗೆ ಇಲ್ಲದ ಅಟ್ಟದಲ್ಲಿ ಕಾಗದಕ್ಕೆ ಬೂಸ್ಟು ಬೇಗ ಹಿಡಿಯುತ್ತೆ. ಬೆಳಕಿರೋ ಜಗಲಿಲಿ ಕೂತು ಪುಟಕ್ಕೊಂದು ಫೋಟೋ, ಶೀಟಲ್ಲಿ ಪ್ರತಿ ಸಾಲಿನ ಪಕ್ಕ ಪುಟದ ಸಂಖ್ಯೆ, ನಕ್ಷತ್ರದ ಕಾಲಂ ಇದ್ದ ಹಾಗೇ ಕನ್ನಡದಲ್ಲೇ ಇರ್ಲಿ, ಪಕ್ಕದಲ್ಲಿ ಇಂಗ್ಲಿಷ್ ತಾರೀಕು. ಪುಸ್ತಕ ಮಾತ್ರ ವಾಪಸ್ ಆ ಮನೆಗೇ ಕೊಟ್ಬಿಡಿ.